ಎಫ್‌ಡಿ ಇಡುವ ಮುನ್ನ ಒಂದು ಮಾತು

ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಕೊಡ್ತಾರೆ ಅಂತ ಮಗಳ ಮದುವೆ ದುಡ್ಡನ್ನೆಲ್ಲ ಒಂದೇ ಬ್ಯಾಂಕಿಗೆ ಹಾಕಿದ್ದೀರಾ? ಹಾಗಾದರೆ ರಸೀದಿಗಳನ್ನು ಬೀರುವಿನಿಂದ ಒಮ್ಮೆ ಹೊರತೆಗೆಯಿರಿ.

2020ರ ಜನವರಿಯಲ್ಲಿ ಬೆಂಗಳೂರಿನ ಸಹಕಾರ ಬ್ಯಾಂಕೊಂದರ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಖಾತೆಯಲ್ಲಿ ಎಷ್ಟೇ ಇರಲಿ, ತೆಗೆಯಲು ಬಿಟ್ಟಿದ್ದು 35 ಸಾವಿರ ರೂಪಾಯಿ ಮಾತ್ರ. ನಿವೃತ್ತಿಯ ಹಣವನ್ನೆಲ್ಲ ಅಲ್ಲೇ ಇಟ್ಟಿದ್ದವರ ಪಾಡು ಹೇಳತೀರದು.

ಬ್ಯಾಂಕ್ ಮುಳುಗಿದರೂ ನಮ್ಮ ಠೇವಣಿಗೆ ವಿಮೆ ಇದೆ. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ ಡಿಐಸಿಜಿಸಿ ಇದನ್ನು ನೋಡಿಕೊಳ್ಳುತ್ತದೆ. ಪ್ರೀಮಿಯಂ ಬ್ಯಾಂಕೇ ಕಟ್ಟುತ್ತದೆ, ನೀವು ಪೈಸೆ ಕೊಡಬೇಕಿಲ್ಲ. 1993ರಿಂದ 1 ಲಕ್ಷವೇ ಇದ್ದ ಮಿತಿ 2020ರ ಫೆಬ್ರವರಿಯಲ್ಲಿ 5 ಲಕ್ಷವಾಯಿತು. ಅಸಲು, ಬಡ್ಡಿ ಎರಡೂ ಸೇರಿ 5 ಲಕ್ಷ, ನೆನಪಿರಲಿ. ಜಯನಗರ ಶಾಖೆಯಲ್ಲಿ 4 ಲಕ್ಷ, ಮಲ್ಲೇಶ್ವರ ಶಾಖೆಯಲ್ಲಿ 4 ಲಕ್ಷ ಇಟ್ಟು ಜಾಣತನ ಮಾಡಿದೆ ಅಂದುಕೊಳ್ಳಬೇಡಿ. ಒಂದೇ ಬ್ಯಾಂಕಾದರೆ ಎಲ್ಲ ಶಾಖೆಗಳದ್ದೂ ಕೂಡಿಸಿಯೇ ಲೆಕ್ಕ. ಬೇರೆ ಬೇರೆ ಬ್ಯಾಂಕಾದರೆ ಒಂದೊಂದಕ್ಕೂ ಪ್ರತ್ಯೇಕ 5 ಲಕ್ಷ. ನಿಮ್ಮೊಬ್ಬರ ಹೆಸರಿನ ಖಾತೆ ಬೇರೆ, ಯಜಮಾನರ ಜತೆಗಿನ ಜಂಟಿ ಖಾತೆ ಬೇರೆ ಎಂದೇ ಪರಿಗಣಿಸುತ್ತಾರೆ.

ಮೊದಲೆಲ್ಲ ಈ ಹಣಕ್ಕೆ ವರ್ಷಗಟ್ಟಲೆ ಕಾಯಬೇಕಿತ್ತು. 2021ರ ತಿದ್ದುಪಡಿಯ ನಂತರ, ದಾಖಲೆ ಕೊಟ್ಟವರಿಗೆ ನಿರ್ಬಂಧ ಹೇರಿದ 90 ದಿನದೊಳಗೆ ಸಾಮಾನ್ಯವಾಗಿ ಕೈಸೇರುತ್ತದೆ.

ಇನ್ನೊಂದು ವಿಷಯ. ಬೋರ್ಡಿನಲ್ಲಿ ‘ಪತ್ತಿನ ಸಹಕಾರ ಸಂಘ’ ಅಂತಿದ್ದರೆ ಅದು ಬ್ಯಾಂಕಲ್ಲ, ಈ ವಿಮೆಯೂ ಇಲ್ಲ. ಚೀಟಿಗೂ ಇಲ್ಲ, ಮ್ಯೂಚುವಲ್ ಫಂಡಿಗೂ ಇಲ್ಲ. ಪಕ್ಕದ್ಮನೆಯವರು ಇಟ್ಟಿದ್ದಾರೆ ಅನ್ನೋದು ಗ್ಯಾರಂಟಿ ಆಗುತ್ತಾ? ಡಿಐಸಿಜಿಸಿ ನೋಂದಣಿ ಇದೆಯೇ ಎಂದು ಕೌಂಟರಿನಲ್ಲೇ ಕೇಳಿ, ಸಂಕೋಚ ಬೇಡ. ಹೋದ ಹಾಗೇ ನಾಮಿನಿ ಹೆಸರು ಬರೆಸಿದ್ದೀರಾ ಎಂದೂ ನೋಡಿಕೊಂಡು ಬನ್ನಿ.