ಬಾಗಿಲಲ್ಲೇ ಉಳಿದ ಅಮೈನೋ ಆಮ್ಲ

1810ರಲ್ಲಿ ಲಂಡನ್ನಿನ ರಸಾಯನ ವಿಜ್ಞಾನಿ ವಿಲಿಯಂ ಹೈಡ್ ವೊಲಾಸ್ಟನ್ ಅವರ ಕೈಗೆ ಒಂದು ವಿಚಿತ್ರ ಕಲ್ಲು ಬಂತು. ನಾರ್ವಿಚ್‌ನ ವೈದ್ಯರೊಬ್ಬರ ಸೋದರನಿಗೆ ಐದು ವರ್ಷವಿದ್ದಾಗ ಅವನ ಮೂತ್ರಕೋಶದಿಂದ ತೆಗೆದ ಕಲ್ಲು ಅದು. ಆ ಕಾಲಕ್ಕೆ ಗೊತ್ತಿದ್ದ ಯಾವ ಮೂತ್ರದ ಕಲ್ಲಿಗೂ ಅದರ ಗುಣ ಹೊಂದಲಿಲ್ಲ. ವೊಲಾಸ್ಟನ್ ಕಂಡ ಆ ಹೊಸ ವಸ್ತುವೇ ಇಂದು ನಾವು ಸಿಸ್ಟೀನ್ ಎನ್ನುವ ಅಮೈನೋ ಆಮ್ಲ. ನಮ್ಮ ಕೂದಲಲ್ಲಿ, ಉಗುರಲ್ಲಿ ಅದು ಧಾರಾಳವಾಗಿದೆ. ದೇಹ ಕಟ್ಟಲು ಬೇಕಾದ ವಸ್ತುವೊಂದು ಪುಟ್ಟ ಹುಡುಗನ ಮೂತ್ರದಲ್ಲಿ ಕಲ್ಲಾಗಿ ಕೂತದ್ದು ಏಕೆ? ಈ ಪ್ರಶ್ನೆಗೆ ಉತ್ತರ ಸಿಗಲು ಸುಮಾರು 140 ವರ್ಷ ಬೇಕಾಯಿತು.

ನಡುವೆ ಒಂದು ತಪ್ಪು ಉತ್ತರವೂ ಬಂತು. ಅದನ್ನು ಕೊಟ್ಟವರು ಆರ್ಚಿಬಾಲ್ಡ್ ಗ್ಯಾರಡ್. ಹುಟ್ಟಿನಿಂದಲೇ ಬರುವ ಚಯಾಪಚಯ ದೋಷಗಳೆಂಬ ಕಲ್ಪನೆಯನ್ನು ವೈದ್ಯಲೋಕಕ್ಕೆ ಕೊಟ್ಟ ಮಹನೀಯರು ಅವರೇ. 1908ರ ಉಪನ್ಯಾಸಗಳಲ್ಲಿ ಅವರು ಅಂಥ ನಾಲ್ಕು ದೋಷಗಳನ್ನು ಹೆಸರಿಸಿದರು. ದೇಹದ ರಾಸಾಯನಿಕ ಕ್ರಿಯೆಯ ಯಾವುದೋ ಒಂದು ಹಂತ ನಿಂತುಹೋದಾಗ, ಮುಂದೆ ಹೋಗಬೇಕಾದ ವಸ್ತು ಅಲ್ಲೇ ಉಳಿದು ಮೂತ್ರದಲ್ಲಿ ಹೊರಬೀಳುತ್ತದೆ ಎಂಬುದು ಅವರ ವಾದ. ಮೂತ್ರ ಕಪ್ಪಾಗುವ ಆಲ್ಕಾಪ್ಟೊನೂರಿಯಾದ ಮಟ್ಟಿಗೆ ಆ ಮಾತು ನಿಜವಾಯಿತು. ಸಿಸ್ಟೀನ್ ಕಲ್ಲಿನ ಕಾಯಿಲೆಯಾದ ಸಿಸ್ಟಿನೂರಿಯಾದ ವಿಷಯದಲ್ಲಿ ಆಗಲಿಲ್ಲ.

1951ರಲ್ಲಿ ಲಂಡನ್ನಿನ ಚಾರ್ಲ್ಸ್ ಡೆಂಟ್ ಮತ್ತು ರೋಸ್ ಈ ರೋಗಿಗಳ ಮೂತ್ರವನ್ನು ಪೇಪರ್ ಕ್ರೊಮಾಟೊಗ್ರಫಿಯಿಂದ ಪರೀಕ್ಷಿಸಿದರು. ಮೂತ್ರದ ಹನಿಯನ್ನು ಕಾಗದಕ್ಕೆ ಹಾಕಿ, ದ್ರಾವಕ ಹರಿಯಬಿಟ್ಟರೆ ಒಂದೊಂದು ಅಮೈನೋ ಆಮ್ಲವೂ ಒಂದೊಂದು ದೂರಕ್ಕೆ ಹೋಗಿ ನಿಲ್ಲುತ್ತದೆ. ಬಣ್ಣ ಬರಿಸುವ ಔಷಧ ಸಿಂಪಡಿಸಿದರೆ ನೇರಳೆ ಚುಕ್ಕೆಗಳು ಮೂಡುತ್ತವೆ. ಸಿಸ್ಟೀನ್ ಜೊತೆ ಲೈಸೀನ್, ಆರ್ಜಿನೀನ್, ಆರ್ನಿಥೀನ್ ಎಂಬ ಇನ್ನೂ ಮೂರು ಅಮೈನೋ ಆಮ್ಲಗಳು ಮೂತ್ರದಲ್ಲಿ ಹೇರಳವಾಗಿ ಹೋಗುತ್ತಿದ್ದವು. ರಕ್ತದಲ್ಲಿ ಮಾತ್ರ ಇವು ಹೆಚ್ಚಿರಲಿಲ್ಲ. ಚಯಾಪಚಯ ಕೆಟ್ಟಿದ್ದರೆ ಮೊದಲು ರಕ್ತದಲ್ಲೇ ಇವು ಏರಬೇಕಿತ್ತು. ಹಾಗಾದರೆ ದೋಷವಿರುವುದು ಮೂತ್ರಪಿಂಡದಲ್ಲಿ. ಈ ನಾಲ್ಕೂ ಅಲ್ಲಿ ಒಂದೇ ಬಾಗಿಲಿನಿಂದ ಒಳಬರುತ್ತವೆ, ಆ ಬಾಗಿಲು ಕೆಟ್ಟಿದೆ. ಒಂದು ಕಾಗದದ ಮೇಲಿನ ನಾಲ್ಕು ಚುಕ್ಕೆಗಳಿಂದ ಇಷ್ಟು ದೂರ ಯೋಚಿಸಿದ್ದು ನನಗೆ ವೈದ್ಯವಿಜ್ಞಾನದ ಅತಿ ಸುಂದರ ತರ್ಕಗಳಲ್ಲಿ ಒಂದಾಗಿ ಕಾಣುತ್ತದೆ.

ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರೊಂದಿಗೆ ಹತ್ತಾರು ಗ್ರಾಂ ಅಮೈನೋ ಆಮ್ಲವೂ ಸೋಸಿಹೋಗುತ್ತದೆ; ಬಹುಪಾಲನ್ನು ಕೂಡಲೇ ವಾಪಸ್ ಎಳೆದುಕೊಳ್ಳಲೇಬೇಕು. ಜೀವಕೋಶದ ಪೊರೆ ಜಿಡ್ಡಿನದು, ನೀರಿನಲ್ಲಿ ಕರಗುವ ಅಮೈನೋ ಆಮ್ಲ ಅದನ್ನು ತಾನಾಗಿ ದಾಟಲಾರದು. ಆದ್ದರಿಂದ ಪೊರೆಯಲ್ಲಿ ಸಾಗಣೆಗೆಂದೇ ಪ್ರೋಟೀನ್‌ಗಳಿವೆ. ಅವು ಹೊರಮುಖವಾಗಿ ತೆರೆದು ಅಮೈನೋ ಆಮ್ಲವನ್ನು ಹಿಡಿಯುತ್ತವೆ, ಆಕಾರ ಬದಲಿಸಿ ಒಳಮುಖವಾಗಿ ಬಿಡುತ್ತವೆ. ಎಷ್ಟೋ ಸಾಗಣೆ ಪ್ರೋಟೀನ್‌ಗಳಿಗೆ ಬಲ ಕೊಡುವುದು ಸೋಡಿಯಂ. ಜೀವಕೋಶ ಸದಾ ಸೋಡಿಯಂ ಅನ್ನು ಹೊರಕ್ಕೆ ಪಂಪ್ ಮಾಡುತ್ತಿರುತ್ತದೆ. ಹೊರಗೆ ಒತ್ತಾದ ಸೋಡಿಯಂ ಒಳನುಗ್ಗುವಾಗ ಅಮೈನೋ ಆಮ್ಲವನ್ನೂ ಜೊತೆಗೆ ಎಳೆದು ತರುತ್ತದೆ. ಆ ಪಂಪನ್ನು ಕಂಡುಹಿಡಿದ ಡೆನ್ಮಾರ್ಕಿನ ಯೆನ್ಸ್ ಸ್ಕೌ ಅವರಿಗೆ 1997ರಲ್ಲಿ ನೊಬೆಲ್ ಬಂತು. ಸಿಸ್ಟೀನ್ ಸಾಗಿಸುವುದು ಎರಡು ಪ್ರೋಟೀನ್‌ಗಳ ಜೋಡಿ. ಅವುಗಳ ವಂಶವಾಹಿಗಳಲ್ಲಿ ಒಂದು 1994ರಲ್ಲಿ, ಇನ್ನೊಂದು 1999ರಲ್ಲಿ ಈ ಕಾಯಿಲೆಗೆ ಕಾರಣವೆಂದು ಗೊತ್ತಾಯಿತು.

ನಾಲ್ಕು ಅಮೈನೋ ಆಮ್ಲ ಸೋರಿದರೂ ಕಾಟ ಕೊಡುವುದು ಸಿಸ್ಟೀನ್ ಒಂದೇ. ಉಳಿದವು ನೀರಿನಲ್ಲಿ ಸುಲಭವಾಗಿ ಕರಗುತ್ತವೆ. ಸಿಸ್ಟೀನ್ ಮಾತ್ರ ಒಂದು ಲೀಟರ್ ಮೂತ್ರದಲ್ಲಿ ಹೆಚ್ಚೆಂದರೆ 250 ಮಿಲಿಗ್ರಾಂನಷ್ಟು ಕರಗೀತು. ಅದಕ್ಕಿಂತ ಹೆಚ್ಚಾದರೆ ಷಟ್ಕೋನದ ಹರಳುಗಳಾಗಿ ಕಟ್ಟುತ್ತದೆ. ರೋಗಿಗಳು ಕುಡಿಯುವ ನೀರಿನ ಲೆಕ್ಕ ಇಲ್ಲಿಂದಲೇ ಬರುತ್ತದೆ: ದೊಡ್ಡವರಾದರೆ ದಿನಕ್ಕೆ ಮೂರು ಲೀಟರಿಗೂ ಹೆಚ್ಚು, ರಾತ್ರಿ ಮಲಗುವ ಮುನ್ನವೂ ಕುಡಿಯಬೇಕು, ನಡುರಾತ್ರಿ ಎದ್ದೂ ಕುಡಿಯಬೇಕು. ಮೂತ್ರದ ಆಮ್ಲೀಯತೆ ಇಳಿಸಲು ಪೊಟ್ಯಾಸಿಯಂ ಸಿಟ್ರೇಟ್ ಕೊಡುತ್ತಾರೆ. ಊಟದಲ್ಲಿ ಉಪ್ಪು ಕಡಿಮೆ ಮಾಡಿಸುತ್ತಾರೆ. ಅಷ್ಟಕ್ಕೂ ಬಗ್ಗದಿದ್ದರೆ ಟಿಯೊಪ್ರೊನಿನ್‌ನಂಥ ಔಷಧಗಳಿವೆ.

ಹೊರಗಿನಿಂದ ತರಂಗ ಹಾಯಿಸಿ ಪುಡಿಮಾಡುವ ಚಿಕಿತ್ಸೆಗೆ ಈ ಕಲ್ಲು ಸುಲಭವಾಗಿ ಜಗ್ಗುವುದಿಲ್ಲ, ಅಷ್ಟು ಗಟ್ಟಿ. ತೆಗೆದರೂ ಮತ್ತೆ ಮತ್ತೆ ಬರುತ್ತದೆ. ನಮ್ಮಲ್ಲಿ ಕಲ್ಲು ಎಂದೊಡನೆ ಬಾಳೆದಿಂಡಿನ ರಸ, ಬಾರ್ಲಿ ನೀರು, ಹುರುಳಿ ಕಟ್ಟಿನ ಸಲಹೆ ನಾಲ್ಕೂ ಕಡೆಯಿಂದ ಬರುತ್ತದೆ. ಆಪರೇಷನ್ ಆಗಿ ಹೊರಬಂದ ಕಲ್ಲನ್ನು ಮನೆಯವರು ಡಬ್ಬಿಯಲ್ಲಿಟ್ಟು ನೆಂಟರಿಗೆ ತೋರಿಸುತ್ತಾರೆ. ಅದು ಯಾವ ಕಲ್ಲು ಎಂದು ಕೇಳುವವರು ಕಡಿಮೆ. ದೊಡ್ಡವರ ಕಲ್ಲುಗಳಲ್ಲಿ ಸಿಸ್ಟೀನ್ ಕಲ್ಲು ನೂರಕ್ಕೆ ಒಂದೆರಡು ಮಾತ್ರ, ಮಕ್ಕಳಲ್ಲಿ ಆರೇಳರ ತನಕ ಹೋಗುತ್ತದೆ. ಹಾಗಾಗಿ ಚಿಕ್ಕ ವಯಸ್ಸಿನಲ್ಲಿ ಬಂದ ಕಲ್ಲನ್ನು ಲ್ಯಾಬಿಗೆ ಕಳಿಸದೆ ಬಿಡುವುದು ಆ ಮಗುವಿಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಕೆಟ್ಟ ಈ ಬಾಗಿಲು ಸಣ್ಣ ಕರುಳಿನಲ್ಲೂ ಇದೆ. ಲೈಸೀನ್ ಅನ್ನು ನಾವು ಆಹಾರದಿಂದಲೇ ಪಡೆಯಬೇಕು. ಆದರೂ ಸಿಸ್ಟಿನೂರಿಯಾದ ಮಕ್ಕಳು ಸೊರಗುವುದಿಲ್ಲವಲ್ಲ, ಹೇಗೆ?

ಇದಕ್ಕೆ ಸುಳಿವು ಕೊಟ್ಟದ್ದು ಬೇರೊಂದು ಕಾಯಿಲೆ. 1956ರಲ್ಲಿ ಡೆಂಟ್ ಮತ್ತು ಸಂಗಡಿಗರು ಲಂಡನ್ನಿನ ಹಾರ್ಟ್‌ನಪ್ ಎಂಬ ಕುಟುಂಬದ ಮಕ್ಕಳಲ್ಲಿ ಅದನ್ನು ಗುರುತಿಸಿದರು. ಬಿಸಿಲು ಬಿದ್ದ ಕಡೆ ಚರ್ಮ ಕೆಂಪಾಗಿ ಸಿಪ್ಪೆಯೇಳುವುದು, ನಡೆಯುವಾಗ ತೂರಾಡುವುದು ಅದರ ಲಕ್ಷಣ. ತಂದೆತಾಯಿ ಹತ್ತಿರದ ರಕ್ತಸಂಬಂಧಿಗಳು. ಟ್ರಿಪ್ಟೊಫ್ಯಾನ್ ಸೇರಿದಂತೆ ಒಂದು ಗುಂಪಿನ ಅಮೈನೋ ಆಮ್ಲಗಳ ಬಾಗಿಲು ಇವರಲ್ಲಿ ಕೆಟ್ಟಿತ್ತು. ದೇಹ ಟ್ರಿಪ್ಟೊಫ್ಯಾನ್‌ನಿಂದ ನಯಾಸಿನ್ ವಿಟಮಿನ್ ತಯಾರಿಸಿಕೊಳ್ಳುತ್ತದೆ. 60 ಮಿಲಿಗ್ರಾಂ ಖರ್ಚಾದರೆ ಒಂದು ಮಿಲಿಗ್ರಾಂ ನಯಾಸಿನ್. ಅದು ಸಾಲದಾದಾಗ ಪೆಲಾಗ್ರ ಎಂಬ ಕಾಯಿಲೆ ಬರುತ್ತದೆ. ದಖ್ಖನ್ನಿನ ಜೋಳ ಉಣ್ಣುವ ಬಡವರಲ್ಲಿ ಕಂಡ ಪೆಲಾಗ್ರವನ್ನು ಹೈದರಾಬಾದಿನಲ್ಲಿ ಅಧ್ಯಯನ ಮಾಡಿದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ, ಜೋಳದಲ್ಲಿ ಹೆಚ್ಚಿರುವ ಲ್ಯೂಸೀನ್ ಅದಕ್ಕೆ ಕಾರಣವಿರಬಹುದೆಂದು 1960ರಲ್ಲಿ ಬರೆದರು. ಆ ವಾದ ಮುಂದೆ ಬಹಳ ಚರ್ಚೆಗೆ ಒಳಗಾಯಿತು. ಲಂಡನ್ನಿನ ಮಕ್ಕಳದ್ದು ಬೇರೆ ದಾರಿ, ಚರ್ಮದ ಮೇಲೆ ಮೂಡಿದ ಗುರುತು ಮಾತ್ರ ಒಂದೇ.

ಹಾರ್ಟ್‌ನಪ್ ರೋಗಿಗಳ ಮೇಲಿನ ಅಧ್ಯಯನದಲ್ಲಿ 1970ರ ಹೊತ್ತಿಗೆ ಒಂದು ಅಚ್ಚರಿ ಹೊರಬಂತು. ಬಿಡಿಬಿಡಿಯಾಗಿ ಕೊಟ್ಟಾಗ ಕರುಳು ಹೀರಿಕೊಳ್ಳದ ಅಮೈನೋ ಆಮ್ಲವನ್ನು ಇನ್ನೊಂದರ ಜೊತೆ ಜೋಡಿಸಿ ಪೆಪ್ಟೈಡ್ ಆಗಿ ಕೊಟ್ಟರೆ ಅದೇ ಕರುಳು ಹೀರಿಕೊಳ್ಳುತ್ತಿತ್ತು! ಅಂದರೆ ಜೋಡಿಗಳಿಗೆಂದೇ ಬೇರೆ ಬಾಗಿಲಿದೆ. ಪ್ರೋಟೀನ್ ಪೂರಾ ಬಿಡಿಯಾಗಿಯೇ ಒಳಹೋಗಬೇಕೆಂಬ ಹಳೆಯ ತಿಳಿವಳಿಕೆ ಬಿದ್ದುಹೋದದ್ದರಲ್ಲಿ ಈ ಕೆಲವೇ ರೋಗಿಗಳ ಪಾಲು ದೊಡ್ಡದು. ಸಿಸ್ಟಿನೂರಿಯಾದ ಮಕ್ಕಳಿಗೆ ಲೈಸೀನ್ ಸಿಗುವುದೂ ಈ ದಾರಿಯಲ್ಲೇ.

ಹಿಂಬಾಗಿಲು ಕೆಟ್ಟರೆ ಕಥೆ ಕಠಿಣ. ಕರುಳಿನ ಕೋಶದಿಂದ ರಕ್ತಕ್ಕೆ ಲೈಸೀನ್, ಆರ್ಜಿನೀನ್ ದಾಟಿಸುವ ಪ್ರೋಟೀನ್ ಕೆಲಸ ಮಾಡದ ಕಾಯಿಲೆಯೊಂದು ಫಿನ್ಲೆಂಡಿನಲ್ಲಿ 1965ರಲ್ಲಿ ಬೆಳಕಿಗೆ ಬಂತು. ಅಲ್ಲಿ ಸುಮಾರು 60,000ಕ್ಕೆ ಒಬ್ಬರಲ್ಲಿದೆ. ಪೆಪ್ಟೈಡ್ ಒಳಬಂದರೂ ಕೋಶದೊಳಗೆ ಒಡೆದು ಅಲ್ಲೇ ಸಿಕ್ಕಿಬೀಳುತ್ತದೆ. ಆರ್ಜಿನೀನ್ ಇಲ್ಲದೆ ಯೂರಿಯಾ ತಯಾರಿಕೆ ಕುಂಟುತ್ತದೆ, ಪ್ರೋಟೀನ್ ಹೆಚ್ಚಾದ ಊಟದ ನಂತರ ರಕ್ತದಲ್ಲಿ ಅಮೋನಿಯಾ ಏರುತ್ತದೆ. ಮೊಲೆಹಾಲು ಬಿಡಿಸಿದ ಮೇಲೆ ಮಗು ವಾಂತಿ ಮಾಡಿಕೊಳ್ಳುತ್ತದೆ, ಮಾಂಸ ಕಂಡರೆ ಮುಖ ತಿರುಗಿಸುತ್ತದೆ. ಅದನ್ನು ಹಟವೆಂದು ತಿಳಿದು ಬಲವಂತವಾಗಿ ತಿನ್ನಿಸುವುದು ಅಪಾಯ. ಬೇರೆ ಬಾಗಿಲಿನಿಂದ ದಾಟಬಲ್ಲ ಸಿಟ್ರುಲೀನ್ ಕೊಟ್ಟರೆ ದೇಹ ಅದರಿಂದ ಆರ್ಜಿನೀನ್ ಮಾಡಿಕೊಳ್ಳುತ್ತದೆ.

ಈ ಕಾಯಿಲೆಗಳು ಬಹುತೇಕ ತಂದೆತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗಲೇ ಕಾಣಿಸಿಕೊಳ್ಳುತ್ತವೆ. ಸೋದರಮಾವನ ಜೊತೆಗಿನ ಮದುವೆ, ಅತ್ತೆ-ಮಾವನ ಮಕ್ಕಳ ನಡುವಿನ ಮದುವೆ ಇನ್ನೂ ಇರುವ ಕರ್ನಾಟಕದಲ್ಲಿ ಇದು ದೂರದ ಮಾತಲ್ಲ. ಅಂಥ ಮನೆಯಲ್ಲಿ ಒಂದು ಮಗುವಿಗೆ ಸಿಸ್ಟೀನ್ ಕಲ್ಲು ಎಂದು ಗೊತ್ತಾದರೆ, ಒಡಹುಟ್ಟಿದ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ. ಅವರ ಮೂತ್ರಕ್ಕೆ ಸಯನೈಡ್-ನೈಟ್ರೊಪ್ರಸೈಡ್ ಪರೀಕ್ಷೆ ಮಾಡಿದರೆ ಸಿಸ್ಟೀನ್ ಹೆಚ್ಚಿದ್ದಲ್ಲಿ ಕೆಲವೇ ನಿಮಿಷದಲ್ಲಿ ಕೆನ್ನೇರಳೆ ಬಣ್ಣ ಬರುತ್ತದೆ. ಆಮೇಲೆ ಪ್ರಮಾಣ ಅಳೆದು ಖಚಿತಪಡಿಸಿಕೊಂಡು, ಆ ಮಕ್ಕಳಿಗೆ ಮೊದಲ ಕಲ್ಲು ಕಟ್ಟುವ ಮುಂಚೆಯೇ ನೀರು ಕುಡಿಸಲು ಶುರುಮಾಡಬಹುದು.