ಜನರೇಟರು ಪಲ್ಪರನ್ನು ಎಳೆಯದಿದ್ದರೆ



ಕೊಯ್ದ ಕಾಫಿ ಹಣ್ಣನ್ನು ಅಂದೇ ಪಲ್ಪರಿಗೆ ಹಾಕಬೇಕು. ರಾಶಿಯಲ್ಲೇ ಬಿಟ್ಟರೆ ಹುಳಿ ಹಿಡಿದು ರುಚಿ ಕೆಡುತ್ತದೆ, ಬೆಲೆ ಇಳಿಯುತ್ತದೆ. ಆಲ್ದೂರಿನ ಸುತ್ತ ಕೊಯ್ಲಿನ ಕಾಲದಲ್ಲಿ ಕರೆಂಟು ಹೋದರೆ ಜನರೇಟರೇ ಗತಿ. ಆದರೆ ಮನೆಯ ದೀಪಗಳನ್ನೆಲ್ಲ ಉರಿಸುವ ಜನರೇಟರು ಪಲ್ಪರಿನ ಮೋಟಾರಿಗೆ ಸ್ವಿಚ್ಚು ಹಾಕಿದೊಡನೆ ಮುಕ್ಕರಿದು ನಿಲ್ಲುವುದುಂಟು. ಏಕೆ?

ನಿಂತ ಗಾಡಿಯನ್ನು ಹೊರಡಿಸಲು ಎತ್ತುಗಳಿಗೆ ಹೆಚ್ಚು ಬಲ ಬೇಕಲ್ಲವೇ? ಮೋಟಾರೂ ಹಾಗೆಯೇ. ಹೊರಡುವ ಕ್ಷಣದಲ್ಲಿ ಅದು ಓಡುವಾಗಿನ ಸುಮಾರು 5-6 ಪಟ್ಟು ಕರೆಂಟನ್ನು ಎಳೆಯುತ್ತದೆ. 1 ಅಶ್ವಶಕ್ತಿಗೆ 746 ವ್ಯಾಟ್ ಎಂದು ಲೆಕ್ಕ ಹಾಕಿ, 3 ಅಶ್ವಶಕ್ತಿಯ ಮೋಟಾರಿಗೆ 3 ಕಿಲೋವ್ಯಾಟಿನ ಜನರೇಟರು ಸಾಕೆಂದುಕೊಳ್ಳಬೇಡಿ. ಮಲೆಯ ಎತ್ತರದಲ್ಲಿ ಗಾಳಿ ವಿರಳ; 1000 ಮೀಟರಿನಲ್ಲಿ ಎಂಜಿನ್ನಿನ ಬಲ ಸುಮಾರು ಹತ್ತರಲ್ಲೊಂದು ಪಾಲು ಕುಗ್ಗುತ್ತದೆ.

ಹೀಗೆ ಮಾಡಿ:

1. ಬೇರೆಲ್ಲ ಸ್ವಿಚ್ಚುಗಳನ್ನು ಆರಿಸಿ, ಹಣ್ಣು ಹಾಕದೆ ಪಲ್ಪರನ್ನು ಹೊರಡಿಸಿ. ಓಟ ಹಿಡಿದ ಮೇಲೆ ಹಣ್ಣು ಬಿಡಿ, ಆಮೇಲೆ ದೀಪ ಹಾಕಿ.

2. ಏರ್ ಫಿಲ್ಟರನ್ನೂ ಡೀಸೆಲ್ ಫಿಲ್ಟರನ್ನೂ ಕೊಯ್ಲಿಗೆ ಮುಂಚೆಯೇ ನೋಡಿಕೊಳ್ಳಿ. ಕೊಳೆ ಕಟ್ಟಿದರೆ ಎಂಜಿನ್ನಿಗೆ ಬಲವಿಲ್ಲ.

3. ಉದ್ದನೆಯ ತೆಳು ವಯರು ಬೇಡ. ದಾರಿಯಲ್ಲೇ ವೋಲ್ಟೇಜು ಇಳಿಯುತ್ತದೆ.

4. ಹೊಸದು ಕೊಳ್ಳುವಾಗ ಮೋಟಾರಿನ ಕಿಲೋವ್ಯಾಟಿನ ಸುಮಾರು ಮೂರು ಪಟ್ಟು ಶಕ್ತಿಯದನ್ನು ಆರಿಸಿ.

ಮುಚ್ಚಿದ ಕೋಣೆಯಲ್ಲಿ ಎಂದೂ ನಡೆಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಪ್ರಾಣ ತೆಗೆಯುತ್ತದೆ. ಚೇಂಜ್ ಓವರ್ ಸ್ವಿಚ್ಚು ಇಲ್ಲದೆ ಮನೆಯ ವಯರಿಗೆ ಜೋಡಿಸಬೇಡಿ. ನಿಮ್ಮ ಕರೆಂಟು ಕಂಬಕ್ಕೆ ಹರಿದರೆ, ಅಲ್ಲಿ ತಂತಿ ಸರಿಪಡಿಸುತ್ತಿರುವ ಲೈನ್‌ಮನ್‌ನ ಜೀವಕ್ಕೆ ಸಂಚಕಾರ.