ಮುದ್ರಾರಾಕ್ಷಸದಲ್ಲಿ ಚಾರತಂತ್ರ

ವಿಶಾಖದತ್ತನ ಮುದ್ರಾರಾಕ್ಷಸವು ಶೃಂಗಾರವನ್ನು ಬಿಟ್ಟು ರಾಜನೀತಿಯನ್ನೇ ವಸ್ತುವಾಗಿ ಹಿಡಿದ ನಾಟಕವೆಂಬುದು ಸುವಿದಿತವಷ್ಟೆ. ಅದರಲ್ಲಿ ಬರುವ ಗೂಢಚಾರರ ವ್ಯವಹಾರವು ಕವಿಯ ಸ್ವೇಚ್ಛಾಕಲ್ಪನೆಯೋ ಶಾಸ್ತ್ರಾನುಸಾರಿಯೋ ಎಂಬುದು ವಿಚಾರಣೀಯವಾಗಿದೆ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳವರಿಗೆ ದೊರೆತು, 1909ರಲ್ಲಿ ಅಚ್ಚಾದ ಕೌಟಿಲೀಯ ಅರ್ಥಶಾಸ್ತ್ರವು ಈ ವಿಚಾರಕ್ಕೆ ನಿಕಷದಂತಿದೆ.

ಚಂದ್ರಗುಪ್ತನಿಗೆ ಹೊರಗಣ ದಂಡಿನಷ್ಟೇ ಭಯವು ಮನೆಯೊಳಗೂ ಇದ್ದಿತು. ಯಂತ್ರತೋರಣವನ್ನು ಕೆಡಹುವ ಶಿಲ್ಪಿ ದಾರುವರ್ಮ, ಔಷಧದಲ್ಲಿ ವಿಷವಿಕ್ಕುವ ವೈದ್ಯ ಅಭಯದತ್ತ, ಶಯ್ಯಾಗೃಹದ ಗೋಡೆಯೊಳಗೆ ಅಡಗಿದ ಬೀಭತ್ಸಕಾದಿಗಳು, ಇವರೆಲ್ಲರೂ ರಾಕ್ಷಸನು ನಿಯೋಗಿಸಿದ ಘಾತುಕರು. ಗೋಡೆಯ ಬಿರುಕಿನಿಂದ ಅನ್ನದ ಅಗುಳನ್ನು ಹೊತ್ತು ಹೊರಟ ಇರುವೆಗಳ ಸಾಲೊಂದರಿಂದಲೇ ಚಾಣಕ್ಯನು ಒಳಗೆ ಮನುಷ್ಯರಿರುವರೆಂದು ಊಹಿಸಿದನು.

ಚಾರರು ಒಬ್ಬರನ್ನೊಬ್ಬರು ಅರಿಯಬಾರದು, ಮೂವರ ಮಾತು ಒಂದಾದರೆ ನಂಬಬೇಕು ಎಂಬುದು ಅರ್ಥಶಾಸ್ತ್ರದ ಮತ. ಪ್ರಥಮಾಂಕದಲ್ಲಿ ಯಮಪಟವನ್ನು ಹಿಡಿದು ಬಂದ ನಿಪುಣಕನು ಕ್ಷಪಣಕ ಜೀವಸಿದ್ಧಿಯನ್ನು ರಾಜದ್ರೋಹಿಯೆಂದು ನಿವೇದಿಸುವನು. ಜೀವಸಿದ್ಧಿಯಾದರೋ ಚಾಣಕ್ಯನ ಚಾರನೇ! ಶಾಸ್ತ್ರದ ನಿಯಮವು ಇಲ್ಲಿ ಕಥಾಸಂವಿಧಾನವೇ ಆಗಿದೆ. ಇದಕ್ಕೆ ಪ್ರತಿಯಾಗಿ ರಾಕ್ಷಸನು ಶಕಟದಾಸನನ್ನು ವಧ್ಯಸ್ಥಾನದಿಂದ ಬಿಡಿಸಿ ತಂದನೆಂಬ ಒಂದೇ ಉಪಕಾರದಿಂದ ಸಿದ್ಧಾರ್ಥಕನನ್ನು ನಂಬಿ ಕೆಟ್ಟನು. ರಾಕ್ಷಸನ ಸೋಲಿಗೆ ಬುದ್ಧಿಮಾಂದ್ಯವು ಕಾರಣವಲ್ಲ. ಪರೀಕ್ಷೆಯಿಲ್ಲದ ವಿಶ್ವಾಸವೇ ಕಾರಣವೆಂದು ನನಗೆ ತೋರುವುದು.

ಆದರೆ ಕವಿಯು ಶಾಸ್ತ್ರವನ್ನು ಮೀರಿದ ಸ್ಥಳವೂ ಒಂದುಂಟು. ಉಭಯವೇತನನಾದ ಚಾರನ ಹೆಂಡಿರು ಮಕ್ಕಳನ್ನು ವಶದಲ್ಲಿರಿಸಿಕೊಂಡು ಅವನನ್ನು ನಿಯೋಗಿಸಬೇಕೆಂದು ಕೌಟಿಲ್ಯನು ವಿಧಿಸುವನು. ಆ ಚಾರನ ಅಂತರಂಗದ ಗೊಡವೆ ಶಾಸ್ತ್ರಕ್ಕಿಲ್ಲ. ಪಂಚಮಾಂಕದ ಭಾಗುರಾಯಣನಾದರೋ, ತನ್ನಲ್ಲಿ ಸ್ನೇಹವಿಟ್ಟ ಮಲಯಕೇತುವನ್ನು ವಂಚಿಸುವುದು ಕಷ್ಟವೆಂದು ನೊಂದು, ಪರಾಧೀನನಿಗೆ ಯುಕ್ತಾಯುಕ್ತವಿಚಾರವು ಸಲ್ಲದೆಂದು ಮನಸ್ಸನ್ನು ಬಿಗಿಹಿಡಿದು ವಂಚಿಸುವನು. ರಾಜ್ಯವು ಉಳಿಯಿತು, ಉಳಿಸಿದವನ ಮನಸ್ಸು ಗಾಯಗೊಂಡಿತು. ಈ ನೋವನ್ನು ಮುಚ್ಚದೆ ತೋರಿದುದರಿಂದಲೇ ಇದು ನೀತಿಗ್ರಂಥವಾಗದೆ ಕಾವ್ಯವಾಯಿತು.

ಕೆಂಪುನಾರಾಯಣನು 1823ರಲ್ಲಿ ಈ ಕಥೆಯನ್ನು ಮುದ್ರಾಮಂಜೂಷವೆಂಬ ಕನ್ನಡಗದ್ಯವಾಗಿ ರಚಿಸಿದಾಗ ಅರ್ಥಶಾಸ್ತ್ರವು ಅಚ್ಚಾಗಿರಲಿಲ್ಲ. ನಮಗೆ ಮೂರೂ ಕೈಗೆಟುಕುತ್ತಿವೆ. ಅಧ್ಯಾಪಕರು ಇವನ್ನು ಕೂಡಿಸಿ ಓದಿಸಿದರೆ, ಚಾಣಕ್ಯನ ಕೌಟಿಲ್ಯವನ್ನು ಮೆಚ್ಚುವ ವಿದ್ಯಾರ್ಥಿಯು ಅದಕ್ಕೆ ತೆತ್ತ ಬೆಲೆಯನ್ನೂ ಅರಿಯುವನು.